ಗೋಲು ಹೊಡೆದವರು ಯಾರು, ಎಣಿಸಿದವರು ಯಾರು?



ಮರೀನ್ ಲೈನ್ಸ್ ದಾಟಿ ಲೋಕಲ್ ಗಾಡಿ ಚರ್ಚ್‌ಗೇಟಿನತ್ತ ನಿಧಾನವಾಗುವಾಗ ಬಾಗಿಲ ಬಳಿ ನಿಂತವರೆಲ್ಲ ಒಮ್ಮೆ ವಾಂಖೆಡೆ ಕ್ರೀಡಾಂಗಣದ ಕಡೆ ಕಣ್ಣು ಹಾಯಿಸುತ್ತಾರೆ. ಅದರ ಹತ್ತಿರವೇ ಒಂದು ಹಾಕಿ ಮೈದಾನವೂ ಇದೆ. ಮುಂಬಯಿ ಹಾಕಿ ಅಸೋಸಿಯೇಶನ್ನಿನ ಮೈದಾನ, ಈಗ ಮಹೀಂದ್ರ ಸ್ಟೇಡಿಯಂ ಎಂದು ಹೆಸರು. ಅದನ್ನು ಗಮನಿಸುವವರು ಕಡಿಮೆ. ಈ ಬಾರಿ ಅದೇ ಮೈದಾನದ ನೆಪದಲ್ಲಿ ಗೋಲುಗಳ ಲೆಕ್ಕದ ಕತೆ ಹೇಳೋಣ ಎನಿಸಿತು.

ನಮ್ಮ ಕೇಳುಗರಲ್ಲಿ ಮಗನೋ ಮಗಳೋ ಟೊರಾಂಟೊದಲ್ಲಿರುವ, ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುವ ಮನೆಗಳು ಬಹಳ. ಅಂಥ ಮನೆಯಲ್ಲಿ ಫೋನಿನ ಮೇಲೆ ಒಂದು ವಾಗ್ವಾದ ಆಗಿಯೇ ಆಗುತ್ತದೆ. ಮೊಮ್ಮಗ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿ. ಅಜ್ಜನಿಗೆ ಹಾಕಿ ಎಂದರೆ ಧ್ಯಾನ್‌ಚಂದ್. ಪ್ರಪಂಚದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರು ಎಂದು ಮಾತು ಬಂದರೆ ಮೊಮ್ಮಗ ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅಜ್ಜ "ನಮ್ಮ ಧ್ಯಾನ್‌ಚಂದ್ ಮುಂದೆ ಅವರೆಲ್ಲ ಎಲ್ಲಿ" ಎನ್ನುತ್ತಾರೆ. "ಎಷ್ಟು ಗೋಲು ತಾತಾ?" ಎಂದು ಆ ಕಡೆಯಿಂದ ಪ್ರಶ್ನೆ ಬಂದಾಗ ಈ ಕಡೆ ಮೌನ. ಅಜ್ಜನಿಗೆ ಮರೆವು ಎಂದಲ್ಲ. ಆ ಲೆಕ್ಕವೇ ನಮ್ಮಲ್ಲಿ ಯಾರ ಹತ್ತಿರವೂ ಸರಿಯಾಗಿಲ್ಲ.

ಮೊದಲು ಮೊಮ್ಮಗನ ಹಾಕಿಯನ್ನು ನೋಡೋಣ. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಗಟ್ಟಿ ರಬ್ಬರಿನ ಒಂದು ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಗೋಲ್‌ಕೀಪರ್ ಸೇರಿ ಒಂದು ಕಡೆ ಆರೇ ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ಗೋಲಿನ ಬಾಯಿ ಆರಡಿ ಅಗಲ, ನಾಲ್ಕಡಿ ಎತ್ತರ. ನಮ್ಮ ಹಾಕಿಯದು ಹನ್ನೆರಡು ಅಡಿ ಅಗಲ, ಏಳು ಅಡಿ ಎತ್ತರ. ಆ ಚಿಕ್ಕ ಬಾಯಿಯ ಮುಂದೆ ಮೈತುಂಬ ಗಾದಿ ಕಟ್ಟಿಕೊಂಡ ಗೋಲ್‌ಕೀಪರ್ ನಿಂತರೆ ಬೆಳಕು ಹಾಯಲೂ ಸಂದಿ ಇಲ್ಲವೆನ್ನಿಸುತ್ತದೆ. ಹಾಗಿದ್ದೂ ಒಬ್ಬ ಮನುಷ್ಯ ಅಲ್ಲಿ ಒಂಬೈನೂರಕ್ಕೂ ಹೆಚ್ಚು ಗೋಲು ಹೊಡೆದಿದ್ದಾನೆಂದರೆ ಅದು ದೊಡ್ಡ ಮಾತೇ.

ಆ ಮನುಷ್ಯ ಅಲೆಕ್ಸಾಂಡರ್ ಓವೆಚ್ಕಿನ್. ಮಾಸ್ಕೋದಲ್ಲಿ 1985ರಲ್ಲಿ ಹುಟ್ಟಿದ ರಷ್ಯನ್, ಆಡುವುದು ಅಮೆರಿಕದ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ. 2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ಎದುರು ಅವನು 895ನೇ ಗೋಲು ಹೊಡೆದ. ಅದರೊಂದಿಗೆ ಕೆನಡಾದ ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆ ಮುರಿಯಿತು. ಆಟ ನಿಲ್ಲಿಸಿ ಸಮಾರಂಭವೇ ನಡೆಯಿತು. ಗ್ರೆಟ್ಸ್ಕಿ ಅಲ್ಲಿಯೇ ಇದ್ದ. ಆ ಪಂದ್ಯವನ್ನು ಓವೆಚ್ಕಿನ್‌ನ ತಂಡ 4-1ರಿಂದ ಸೋತಿತು ಎಂಬುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ! ಲೆಕ್ಕದವರು ಇನ್ನೊಂದು ಸ್ವಾರಸ್ಯವನ್ನೂ ಹೇಳಿದರು: ಗ್ರೆಟ್ಸ್ಕಿ ಇಡೀ ಜೀವನದಲ್ಲಿ ಆ ಲೀಗಿನಲ್ಲಿ ಆಡಿದ ಪಂದ್ಯಗಳು 1,487. ಓವೆಚ್ಕಿನ್ ದಾಖಲೆ ಮುರಿದದ್ದೂ ತನ್ನ 1,487ನೇ ಪಂದ್ಯದಲ್ಲೇ. ಇಂಥದ್ದನ್ನು ಹೇಳಬೇಕಾದರೆ ಒಂದೊಂದು ಪಂದ್ಯವನ್ನೂ ಎಷ್ಟು ಜೋಪಾನವಾಗಿ ಬರೆದಿಟ್ಟಿರಬೇಕು, ನೀವೇ ಯೋಚಿಸಿ.

ನಮ್ಮ ಮುಂಬಯಿಯವರಿಗೆ ಇಷ್ಟವಾಗುವ ಇನ್ನೊಂದು ಸಂಗತಿ. ಓವೆಚ್ಕಿನ್ ಬಹಳಷ್ಟು ಗೋಲು ಹೊಡೆಯುವುದು ಎದುರಾಳಿ ಗೋಲಿನ ಎಡಬದಿಯ ಒಂದು ವೃತ್ತದ ಬಳಿ ನಿಂತು. ಜತೆಗಾರ ಪಕ್ ತಳ್ಳುತ್ತಿದ್ದಂತೆ ಅದನ್ನು ನಿಲ್ಲಿಸದೆ ಬೀಸಿ ಹೊಡೆಯುತ್ತಾನೆ. ಅಲ್ಲಿನ ಅಭಿಮಾನಿಗಳು ಆ ಜಾಗಕ್ಕೆ ಇಟ್ಟ ಹೆಸರು 'ಆಫೀಸು'. ದಾಖಲೆಯ ಗೋಲು ಬಂದದ್ದೂ ಆ ಆಫೀಸಿನಿಂದಲೇ. ಗ್ರೆಟ್ಸ್ಕಿಗೂ ಒಂದು ಆಫೀಸಿತ್ತು. ಅದು ಇನ್ನೂ ವಿಚಿತ್ರ: ಗೋಲಿನ ಬಲೆಯ ಹಿಂಭಾಗ. ಐಸ್ ಹಾಕಿಯಲ್ಲಿ ಗೋಲಿನ ಹಿಂದೆಯೂ ಆಡಲು ಜಾಗ ಇರುತ್ತದೆ. ಅಲ್ಲಿ ನಿಂತು ಗೋಲು ಹೊಡೆಯುವುದು ಕಷ್ಟ, ಆದರೆ ಮುಂದೆ ಬಂದವನಿಗೆ ಪಕ್ ಕೊಡುವುದು ಸುಲಭ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇವರಿಬ್ಬರ ಹಿಂದೆ ಗಾರ್ಡಿ ಹೋವ್, 801. ಐವತ್ತೆರಡನೆಯ ವಯಸ್ಸಿನವರೆಗೂ ಆಡಿದ ಪುಣ್ಯಾತ್ಮ. ನಂತರ ಚೆಕ್ ದೇಶದ ಯಾರೊಮಿರ್ ಯಾಗರ್, 766. ಆಮೇಲೆ ಬ್ರೆಟ್ ಹಲ್, 741. ಬ್ರೆಟ್‌ನ ಅಪ್ಪ ಬಾಬಿ ಹಲ್ ಕೂಡ 610 ಗೋಲು ಹೊಡೆದವನು. ಅಪ್ಪ ಮಗ ಇಬ್ಬರೂ ಆರುನೂರು ದಾಟಿದ್ದಾರೆ.

ಅಲ್ಲಿಯೂ ತಕರಾರಿಲ್ಲ ಎಂದುಕೊಳ್ಳಬೇಡಿ. ಮೇಲಿನ ಸಂಖ್ಯೆಗಳೆಲ್ಲ 1917ರಲ್ಲಿ ಆರಂಭವಾದ ನ್ಯಾಷನಲ್ ಹಾಕಿ ಲೀಗಿನವು, ಅದರಲ್ಲೂ ಲೀಗ್ ಹಂತದ ಪಂದ್ಯಗಳವು. ನಾಕೌಟ್ ಹಂತದ ಗೋಲುಗಳ ಪುಸ್ತಕ ಬೇರೆ. ಅದರಲ್ಲಿ ಗ್ರೆಟ್ಸ್ಕಿಗೆ ಇನ್ನೂ 122 ಇವೆ. ಎಪ್ಪತ್ತರ ದಶಕದಲ್ಲಿ ಪೈಪೋಟಿಗೆಂದು ಇನ್ನೊಂದು ಲೀಗ್ ಹುಟ್ಟಿ ಕೆಲವು ವರ್ಷ ನಡೆಯಿತು. ಬಾಬಿ ಹಲ್ ಅಲ್ಲಿ ಹೋಗಿ 303 ಗೋಲು ಹೊಡೆದ, ಗಾರ್ಡಿ ಹೋವ್ 174 ಹೊಡೆದ. ಅವನ್ನು ಸೇರಿಸಿದರೆ ಹೋವ್‌ನದು 975 ಆಗುತ್ತದೆ. ಸೇರಿಸಬೇಕೆ ಬೇಡವೆ ಎಂದು ಅಲ್ಲಿ ಜಗಳ ಇದೆ. ಆದರೆ ಆ ಜಗಳ ಯಾವ ಪುಸ್ತಕವನ್ನು ಕೂಡಿಸಬೇಕು ಎಂಬುದರ ಬಗ್ಗೆ. ಪುಸ್ತಕವೇ ಇಲ್ಲ ಎಂಬ ಬಗ್ಗೆ ಅಲ್ಲ.

ಅವರೇಕೆ ಇಷ್ಟು ಕಟ್ಟುನಿಟ್ಟಾಗಿ ಎಣಿಸಿದರು? ಕಾರಣ ಸರಳ. ಅದು ಮೊದಲಿನಿಂದಲೂ ಸಂಬಳದ ಆಟ. ಆಟಗಾರನ ಬೆಲೆ ಕಟ್ಟುವುದು ಅಂಕಿಗಳಿಂದ. ಟಿಕೆಟ್ ಮಾರುವುದು, ಪತ್ರಿಕೆ ಮಾರುವುದು, ಮರುವರ್ಷದ ಕರಾರು ಬರೆಯುವುದು ಎಲ್ಲವೂ ಆ ಅಂಕಿಯ ಮೇಲೆ. ಆದ್ದರಿಂದ ಪ್ರತಿ ಪಂದ್ಯಕ್ಕೂ ಒಬ್ಬ ಅಧಿಕೃತ ಲೆಕ್ಕಿಗ ಇರುತ್ತಾನೆ. ಗುಂಪಿನಲ್ಲಿ ಪಕ್ ಯಾರ ಕೋಲಿಗೆ ತಾಗಿ ಒಳಹೋಯಿತು ಎಂಬ ಸಂದೇಹ ಬಂದರೆ ಚಿತ್ರ ನೋಡಿ ಆಮೇಲೆ ತಿದ್ದುತ್ತಾನೆ. ಚಿತ್ರಗುಪ್ತನ ಕೆಲಸ! ಮೊದಲ ಋತುವಿನಲ್ಲೇ, ಅಂದರೆ 1917-18ರಲ್ಲಿ, ಜೋ ಮಲೋನ್ ಎಂಬವನು 20 ಪಂದ್ಯಗಳಲ್ಲಿ 44 ಗೋಲು ಹೊಡೆದ ಎಂದು ಇಂದಿಗೂ ಪುಸ್ತಕ ತೆರೆದು ತೋರಿಸುತ್ತಾರೆ.

ಈಗ ಒಂದು ತಾರೀಖು. 1981ರ ಡಿಸೆಂಬರ್ 30, ರಾತ್ರಿ. ಕೆನಡಾದ ಎಡ್ಮಂಟನ್ ನಗರದಲ್ಲಿ ಇಪ್ಪತ್ತು ವರ್ಷದ ಗ್ರೆಟ್ಸ್ಕಿ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದು, ಆ ಋತುವಿನ 39ನೇ ಪಂದ್ಯಕ್ಕೇ ಐವತ್ತು ಮುಟ್ಟಿದ. ಅದಕ್ಕೆ ಮುಂಚೆ ಐವತ್ತಕ್ಕೆ ಐವತ್ತು ಪಂದ್ಯ ಬೇಕಾಗಿತ್ತು. 1944-45ರಲ್ಲಿ ಮೊರಿಸ್ ರಿಚರ್ಡ್ ಹಾಕಿಕೊಟ್ಟ ಗೆರೆ ಅದು. ಆ ಋತು ಮುಗಿದಾಗ ಗ್ರೆಟ್ಸ್ಕಿಯ ಗೋಲು 92. ಕೆನಡಾದಲ್ಲಿ ಹಾಕಿ ನೋಡುವ ಮಕ್ಕಳಿಗೂ ಈ ತಾರೀಖು ಗೊತ್ತು.

ಅದೇ ವಾರ ನಮ್ಮ ಊರಿನಲ್ಲಿ ಏನು ನಡೆಯುತ್ತಿತ್ತು ಹೇಳಿ? 1981ರ ಡಿಸೆಂಬರ್ 29ರಂದು ಬೊಂಬಾಯಿಯಲ್ಲಿ ವಿಶ್ವಕಪ್ ಹಾಕಿ ಆರಂಭವಾಗಿತ್ತು! ಜನವರಿ 12ರವರೆಗೆ ನಡೆಯಿತು. ಪಾಕಿಸ್ತಾನ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಕಪ್ ಗೆದ್ದಿತು. ನಾವು ಐದನೆಯವರು. ಸೋತೆವು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಆದರೆ ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಒಬ್ಬ ಭಾರತೀಯ ಎಂಬುದು ಎಷ್ಟು ಜನರಿಗೆ ನೆನಪಿದೆ? ರಾಜಿಂದರ್ ಸಿಂಗ್, 12 ಗೋಲು. ಈ ಊರಿನಲ್ಲಿ, ಈ ಊರಿನ ಜನರ ಕಣ್ಣೆದುರಿಗೆ. ಹನ್ನೆರಡೂ ಯಾವ ಯಾವ ನಿಮಿಷದಲ್ಲಿ ಬಂದವು ಎಂದು ಹೇಳಬಲ್ಲವರನ್ನು ನಾನಂತೂ ಈವರೆಗೆ ಭೇಟಿ ಮಾಡಿಲ್ಲ.

ಇಲ್ಲಿಂದ ಅಜ್ಜನ ಹಾಕಿಗೆ ಬರೋಣ. ಧ್ಯಾನ್‌ಚಂದ್ ಎಷ್ಟು ಗೋಲು ಹೊಡೆದರು? ಕೆಲವರು 400 ಎನ್ನುತ್ತಾರೆ, ಕೆಲವರು 570 ಎನ್ನುತ್ತಾರೆ, ಸಾವಿರ ದಾಟಿತು ಎನ್ನುವವರೂ ಇದ್ದಾರೆ. ಮೂರೂ ಅಚ್ಚಾಗಿರುವ ಸಂಖ್ಯೆಗಳೇ. ಹೇಗೆ ಇಷ್ಟು ಅಂತರ? ಆಗಿನ ಕಾಲದಲ್ಲಿ ತಂಡ ಹಡಗಿನಲ್ಲಿ ಹೊರಟರೆ ತಿಂಗಳುಗಟ್ಟಲೆ ಪ್ರವಾಸ. 1935ರ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಪ್ರವಾಸದಲ್ಲಿ ಭಾರತ ನಲವತ್ತಕ್ಕೂ ಹೆಚ್ಚು ಪಂದ್ಯ ಆಡಿತು. ಧ್ಯಾನ್‌ಚಂದ್ ಒಬ್ಬರೇ ಇನ್ನೂರರ ಆಸುಪಾಸು ಗೋಲು ಹೊಡೆದರು. ಇವುಗಳಲ್ಲಿ ದೇಶದ ತಂಡದ ಎದುರು ಎಷ್ಟು, ಜಿಲ್ಲೆಯ ತಂಡದ ಎದುರು ಎಷ್ಟು? ಒಬ್ಬರು ಎಲ್ಲವನ್ನೂ ಕೂಡಿಸಿದರು, ಇನ್ನೊಬ್ಬರು ದೇಶ-ದೇಶಗಳ ಪಂದ್ಯ ಮಾತ್ರ ಹಿಡಿದರು. 1936ರ ಆಗಸ್ಟ್ 15ರಂದು ಬರ್ಲಿನ್ ಒಲಿಂಪಿಕ್ಸಿನ ಫೈನಲಿನಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿದೆವಲ್ಲ, ಆ ಎಂಟರಲ್ಲಿ ಅವರದು ಎಷ್ಟು ಎಂಬುದಕ್ಕೂ ಎರಡು ಉತ್ತರ ಇವೆ. ಆರು ಎಂದು ಬಹುಕಾಲ ನಂಬಿದ್ದೆವು. ಪಂದ್ಯದ ದಾಖಲೆ ಕೆದಕಿದವರು ಮೂರು ಎನ್ನುತ್ತಾರೆ. ಒಲಿಂಪಿಕ್ ಫೈನಲಿನ ಪಾಡೇ ಹೀಗಾದರೆ ಝಾನ್ಸಿಯಲ್ಲೋ ಲಾಹೋರಿನಲ್ಲೋ ಹೊಡೆದ ಗೋಲುಗಳನ್ನು ಕೇಳುವುದೇನು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನ 14 ಗೋಲುಗಳು ಮಾತ್ರ ಗಟ್ಟಿಯಾಗಿ ನಿಂತಿವೆ.

ಬಲಬೀರ್ ಸಿಂಗ್ ಸೀನಿಯರ್ ಅವರದು ಈ ವಿಷಯದಲ್ಲಿ ಅದೃಷ್ಟ. 1952ರ ಹೆಲ್ಸಿಂಕಿ ಫೈನಲಿನಲ್ಲಿ ನೆದರ್‌ಲೆಂಡ್ಸ್ ಎದುರು ಭಾರತ 6-1ರಿಂದ ಗೆದ್ದಾಗ ಆರರಲ್ಲಿ ಐದು ಅವರದು. ಪುರುಷರ ಒಲಿಂಪಿಕ್ ಫೈನಲಿನಲ್ಲಿ ಅದು ದಾಖಲೆ. ಒಲಿಂಪಿಕ್ ಸಮಿತಿಯವರು ಬರೆದಿಟ್ಟಿದ್ದರಿಂದ ಉಳಿಯಿತು. ನಾಲ್ಕು ವರ್ಷ ಮುಂಚೆ ಲಂಡನ್ನಿನಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ, ಅರ್ಜೆಂಟೀನಾ ಎದುರು ಆರು, ಫೈನಲಿನಲ್ಲಿ ಬ್ರಿಟನ್ ಎದುರು ಎರಡು. ಆ ತಂಡದ ಗೋಲ್‌ಕೀಪರ್ ನಮ್ಮ ಬೊಂಬಾಯಿಯ ಲಿಯೊ ಪಿಂಟೊ. ಫೈನಲಿನಲ್ಲಿ ಬ್ರಿಟನ್‌ಗೆ ಒಂದೂ ಗೋಲು ಸಿಗಲಿಲ್ಲ. ಗೋಲು ತಡೆದವರ ಲೆಕ್ಕ ಇಡುವ ರೂಢಿಯಂತೂ ಆಗ ಇರಲೇ ಇಲ್ಲ.

ರೇಡಿಯೋದವರಾದ ನಾವೂ ಇದರಲ್ಲಿ ಸ್ವಲ್ಪ ಪಾಲುದಾರರು ಎನ್ನಬೇಕು. ನಮ್ಮ ದೇಶ ಹಾಕಿಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದದ್ದನ್ನು ಆಕಾಶವಾಣಿಯಲ್ಲಿ ಜಸ್‌ದೇವ್ ಸಿಂಗ್ ಅವರ ದನಿಯಲ್ಲಿ ಕೇಳಿದವರು ಇಂದಿಗೂ ಆ ದನಿಯ ಏರಿಳಿತವನ್ನು ಅನುಕರಿಸಿ ತೋರಿಸುತ್ತಾರೆ. ಗೆಲುವಿನ ಗೋಲು ಹೊಡೆದದ್ದು ಅಶೋಕ್ ಕುಮಾರ್, ಧ್ಯಾನ್‌ಚಂದರ ಮಗ. ಹಲ್ ಅಪ್ಪ-ಮಗನಂತೆ ನಮ್ಮಲ್ಲೂ ಒಂದು ಜೋಡಿ. ಆ ಚೆಂಡು ಗೋಲಿನೊಳಗಿನ ಕಂಬಕ್ಕೆ ಬಡಿದು ಹೊರಗೆ ಚಿಮ್ಮಿತು; ಗೋಲೇ ಅಲ್ಲ ಎಂದು ಪಾಕಿಸ್ತಾನದವರು ವಾದಿಸಿದರು; ಅಂಪೈರ್ ಗೋಲು ಎಂದರು. ದನಿ ಕಿವಿಯಲ್ಲಿ ಉಳಿಯಿತು, ಸಂಭ್ರಮ ಉಳಿಯಿತು. ಕಾಗದ ಪೆನ್ಸಿಲು ಹಿಡಿದು ರೇಡಿಯೋ ಮುಂದೆ ಕೂತವರು ಮಾತ್ರ ಕಡಿಮೆ. ಕ್ರಿಕೆಟ್ ಸ್ಕೋರು ಬರೆಯಲು ಎಷ್ಟೋ ಹುಡುಗರಿಗೆ ನೋಟ್‌ಬುಕ್ ಇರುತ್ತಿತ್ತು. ಹಾಕಿಗೆ ಇರಲಿಲ್ಲ.

ಈಗ ಈ ಲೇಖನ ಬರೆಯಲು ನಿಜವಾದ ಕಾರಣವಾದವರ ವಿಷಯ. ಧನರಾಜ್ ಪಿಳ್ಳೈ.

ಪುಣೆಯ ಖಡ್ಕಿಯಲ್ಲಿ 1968ರ ಜುಲೈ 16ರಂದು ತಮಿಳು ಮನೆತನದಲ್ಲಿ ಜನನ. ಮದ್ದುಗುಂಡು ಕಾರ್ಖಾನೆಯ ವಸಾಹತಿನಲ್ಲಿ ಬಾಲ್ಯ. ಮುರಿದ ಹಾಕಿ ಕೋಲು, ಬಿಸಾಡಿದ ಚೆಂಡು ಹಿಡಿದು ಅಣ್ಣತಮ್ಮಂದಿರೊಂದಿಗೆ ಆಡಿ ಕಲಿತವರು. ಅಣ್ಣ ರಮೇಶ್ ಮುಂಬಯಿ ಲೀಗಿನಲ್ಲಿ ಆರ್‌ಸಿಎಫ್ ತಂಡಕ್ಕೆ ಆಡುತ್ತಿದ್ದರು. ತಮ್ಮ ಅಣ್ಣನ ಹಿಂದೆ ಬಂದು ಮಹೀಂದ್ರ ತಂಡ ಸೇರಿದರು. ಅಲ್ಲಿ ತಿದ್ದಿದವರು ಮುಂಬಯಿಯ ಒಲಿಂಪಿಯನ್ ಜೋಕಿಂ ಕಾರ್ವಾಲೊ. 1989ರ ಡಿಸೆಂಬರಿನಲ್ಲಿ ದೆಹಲಿಯ ಏಷ್ಯಾ ಕಪ್ಪಿನಲ್ಲಿ ದೇಶದ ಅಂಗಿ ತೊಟ್ಟರು. ಅಲ್ಲಿಂದ 2004ರವರೆಗೆ 339 ಪಂದ್ಯ. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್, ನಾಲ್ಕು ಚಾಂಪಿಯನ್ಸ್ ಟ್ರೋಫಿ, ನಾಲ್ಕು ಏಷ್ಯನ್ ಗೇಮ್ಸ್.

ನೋಡಿ, ಇಷ್ಟೂ ಸಂಖ್ಯೆ ಸಿಗುತ್ತದೆ. ಎಷ್ಟು ಪಂದ್ಯ ಎಂದರೆ ಉತ್ತರ ಇದೆ. ಎಷ್ಟು ಗೋಲು ಎಂದರೆ ಇಲ್ಲ. ಆ ಕಾಲದ ಹಾಕಿ ಫೆಡರೇಶನ್ ಗೋಲುಗಳ ಅಧಿಕೃತ ಲೆಕ್ಕ ಇಟ್ಟಿರಲಿಲ್ಲ. ಸುಮಾರು 170 ಎಂಬುದು ಓಡಾಡುವ ಅಂದಾಜು. ಇದು ಧ್ಯಾನ್‌ಚಂದರ ಕಾಲದ ಮಾತಲ್ಲ, ಕೇಳುಗರೇ. ಟೆಲಿವಿಷನ್ ಇತ್ತು, ಕಂಪ್ಯೂಟರ್ ಇತ್ತು. ತೊಂಬತ್ತರ ದಶಕದಲ್ಲಿ ಸಚಿನ್ ತೆಂಡೂಲ್ಕರ್ ಹೊಡೆದ ಒಂದೊಂದು ರನ್ನೂ ಯಾವ ಓವರಿನ ಎಷ್ಟನೇ ಚೆಂಡಿನಲ್ಲಿ ಎಂದು ಹುಡುಕಿ ತೆಗೆಯಬಹುದು. ಅದೇ ದಶಕದಲ್ಲಿ, ಅದೇ ಚರ್ಚ್‌ಗೇಟ್ ಸ್ಟೇಶನ್ನಿನಲ್ಲಿ ಇಳಿದು, ವಾಂಖೆಡೆ ಪಕ್ಕದ ಹಾದಿಯಲ್ಲಿ ನಡೆದು ಮೈದಾನಕ್ಕೆ ಹೋಗುತ್ತಿದ್ದ ಇನ್ನೊಬ್ಬ ಆಟಗಾರನ ಗೋಲುಗಳಿಗೆ 'ಸುಮಾರು' ಎಂಬ ಪದ ಅಂಟಿಕೊಂಡಿತು. 1998ರಲ್ಲಿ ಬ್ಯಾಂಕಾಕಿನ ಏಷ್ಯನ್ ಗೇಮ್ಸಿನಲ್ಲಿ ಅವರ ನಾಯಕತ್ವದಲ್ಲಿ ಭಾರತ ಚಿನ್ನ ಗೆದ್ದಿತು. ಗೆದ್ದು ಬಂದ ಮೇಲೆ ಅವರನ್ನೂ ಹಲವು ಹಿರಿಯರನ್ನೂ ತಂಡದಿಂದ ಕೈಬಿಡಲಾಯಿತು. ಪಂದ್ಯಕ್ಕೆ ಕೊಡಬೇಕಾದ ಹಣದ ಬಗ್ಗೆ ಧನರಾಜ್ ಬಾಯಿಬಿಟ್ಟು ಮಾತಾಡಿದ್ದೇ ಕಾರಣ ಎಂದು ಆಗ ಎಲ್ಲರೂ ಆಡಿಕೊಂಡರು. ಗೋಲಿಗೂ ದುಡ್ಡಿಗೂ ಏನು ಸಂಬಂಧ ಎಂದು ಕೇಳುವವರಿಗೆ ಐಸ್ ಹಾಕಿ ಲೀಗಿನ ಆ ಲೆಕ್ಕಿಗ ಉತ್ತರ ಹೇಳಬಲ್ಲ.

ನಮ್ಮಲ್ಲಿ ಹಾಕಿ ಆಟಗಾರನಿಗೆ ಸಿಗುತ್ತಿದ್ದದ್ದು ಕರಾರಲ್ಲ, ನೌಕರಿ. ಮುಂಬಯಿಯ ಹಾಕಿ ಎಂದರೆ ಕಚೇರಿ ತಂಡಗಳ ಹಾಕಿ. ರೈಲ್ವೆ, ಏರ್ ಇಂಡಿಯಾ, ಭಾರತ್ ಪೆಟ್ರೋಲಿಯಂ, ಮಹೀಂದ್ರ, ಆರ್‌ಸಿಎಫ್, ಬ್ಯಾಂಕುಗಳು. ಬೆಳಿಗ್ಗೆ ಅಭ್ಯಾಸ, ಆಮೇಲೆ ಆಫೀಸು, ಸಂಜೆ ಪಂದ್ಯ. ಆಗಾ ಖಾನ್ ಪಂದ್ಯಾವಳಿಗೆ ಇಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ, ಬಾಂಬೆ ಗೋಲ್ಡ್ ಕಪ್ಪಿನದು ಐವತ್ತರ ದಶಕದಿಂದ. ನೌಕರಿ ಒಮ್ಮೆ ಸಿಕ್ಕರೆ ನಿವೃತ್ತಿಯವರೆಗೆ ಅನ್ನ. ಅದು ಸಣ್ಣ ವಿಷಯವಲ್ಲ. ಎಷ್ಟೋ ಬಡ ಮನೆಗಳು ಇದರಿಂದ ಎದ್ದು ನಿಂತವು. ಆದರೆ ನೌಕರಿಯಲ್ಲಿ ಹತ್ತು ಗೋಲು ಹೊಡೆದವನಿಗೂ ನೂರು ಹೊಡೆದವನಿಗೂ ಸಂಬಳದ ಶ್ರೇಣಿ ಒಂದೇ. ಆಫೀಸು ಇಟ್ಟದ್ದು ಹಾಜರಿ ಪುಸ್ತಕ, ಗೋಲಿನ ಪುಸ್ತಕವಲ್ಲ. ಓವೆಚ್ಕಿನ್‌ನ ಆಫೀಸಿಗೂ ನಮ್ಮ ಆಫೀಸಿಗೂ ಇದೇ ವ್ಯತ್ಯಾಸ.

ಈ ಕಚೇರಿ ಹಾಕಿಗೆ ನಮ್ಮ ಕನ್ನಡನಾಡು, ಮುಖ್ಯವಾಗಿ ಕೊಡಗು, ಕೊಟ್ಟದ್ದು ಕಡಿಮೆಯೇನಲ್ಲ. ಮಣೆಯಪಂಡ ಮುತ್ತಣ್ಣ ಸೋಮಯ್ಯ ಭಾರತ್ ಪೆಟ್ರೋಲಿಯಂ ಸೇರಿ ಮುಂಬಯಿಯವರೇ ಆದರು. 1980, 1984, 1988 ಮೂರು ಒಲಿಂಪಿಕ್ಸ್, ಕೊನೆಯದರಲ್ಲಿ ನಾಯಕ. ಮಾಸ್ಕೋದ 1980ರ ಚಿನ್ನದ ತಂಡದಲ್ಲಿ ಮುಂಬಯಿಯ ಮರ್ವಿನ್ ಫರ್ನಾಂಡಿಸ್ ಕೂಡ ಇದ್ದರು. ಆ ಒಲಿಂಪಿಕ್ಸಿನಲ್ಲಿ ಸುರಿಂದರ್ ಸಿಂಗ್ ಸೋಧಿ ಹೊಡೆದ ಗೋಲು 15. ಒಂದು ತಮಾಷೆ: ಅದೇ ಮಾಸ್ಕೋ ಕೂಟದಲ್ಲಿ ಸೋವಿಯತ್ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡ ಚಿನ್ನ ಗೆದ್ದಿತು, ಅದರಲ್ಲಿ ಆಡಿದ ತತ್ಯಾನಾ ಓವೆಚ್ಕಿನಾ ಐದು ವರ್ಷದ ನಂತರ ಒಬ್ಬ ಮಗನನ್ನು ಹೆತ್ತಳು. ಅವನೇ ನಮ್ಮ 895ರ ಅಲೆಕ್ಸಾಂಡರ್.

ಸೋಮಯ್ಯನವರಿಗೂ ಮುಂಚೆ ಕೊಡಗಿನ ಎಂ.ಪಿ. ಗಣೇಶ್ 1973ರ ವಿಶ್ವಕಪ್ಪಿನಲ್ಲಿ ನಾಯಕರಾಗಿದ್ದರು. ಆಮ್‌ಸ್ಟೆಲ್‌ವೀನಿನ ಫೈನಲಿನಲ್ಲಿ ಎರಡು ಗೋಲಿನ ಮುನ್ನಡೆ ಇದ್ದು, ಸಮವಾಗಿ, ಕೊನೆಗೆ ಪೆನಾಲ್ಟಿ ಸ್ಟ್ರೋಕಿನಲ್ಲಿ ಸೋತೆವು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಒಂದು ಸ್ಟ್ರೋಕನ್ನು ಕೊಡಗಿನವರೇ ಆದ ಬಿ.ಪಿ. ಗೋವಿಂದ ತಪ್ಪಿಸಿಕೊಂಡರು. ಗೋವಿಂದ ಎಂಥ ಚುರುಕಿನ ಮುನ್ಪಡೆ ಆಟಗಾರ! 1975ರಲ್ಲಿ ಕಪ್ ಗೆದ್ದ ತಂಡದಲ್ಲೂ ಆಡಿದವರು. ಅವರು ಹೊಡೆದ ಗೋಲುಗಳನ್ನು ಯಾರೂ ಎಣಿಸಿಡಲಿಲ್ಲ. ತಪ್ಪಿದ ಆ ಒಂದನ್ನು ಯಾರೂ ಮರೆಯಲಿಲ್ಲ. ಲೆಕ್ಕದ ಪುಸ್ತಕ ಇಲ್ಲದ ಕಡೆ ಜನರ ನೆನಪು ಹೀಗೆಯೇ ಕೆಲಸ ಮಾಡುತ್ತದೆ. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಕಾಡುವುದು ಇದು.

ಕೊಡಗಿನಲ್ಲೇ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಹಬ್ಬಕ್ಕೆ 360 ಕುಟುಂಬಗಳ ತಂಡಗಳು ಬಂದವು. ಅಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡ. ಆ ಗೋಲುಗಳನ್ನು ಲೋಕದ ಯಾವ ಪಟ್ಟಿಗೂ ಸೇರಿಸಬೇಕಾಗಿಲ್ಲ, ಬಿಡಿ. ಮನೆಮನೆಯಲ್ಲಿ ಅವು ಚೆನ್ನಾಗಿಯೇ ಉಳಿದಿರುತ್ತವೆ.

2009ರಲ್ಲಿ ಹಾಕಿ ಇಂಡಿಯಾ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಪ್ರತಿ ಅಂತರರಾಷ್ಟ್ರೀಯ ಪಂದ್ಯದ ವರದಿಯಲ್ಲಿ ಗೋಲು ಯಾರದು, ಯಾವ ನಿಮಿಷ, ಮೈದಾನದ ಆಟದಲ್ಲಿ ಬಂತೋ ಪೆನಾಲ್ಟಿ ಕಾರ್ನರಿನಲ್ಲಿ ಬಂತೋ ಎಲ್ಲ ಇರುತ್ತದೆ. ಆದ್ದರಿಂದಲೇ ಸೋಮವಾರಪೇಟೆಯ ಎಸ್.ವಿ. ಸುನಿಲ್ 2021ರಲ್ಲಿ ನಿವೃತ್ತರಾದಾಗ 264 ಪಂದ್ಯ, 72 ಗೋಲು ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ವಂದನಾ ಕಟಾರಿಯಾ 2025ರಲ್ಲಿ ನಿಂತಾಗ 320 ಪಂದ್ಯ, 158 ಗೋಲು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾ ಎದುರು ಅವರು ಹೊಡೆದ ಮೂರು ಗೋಲು ಒಲಿಂಪಿಕ್ಸಿನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಹ್ಯಾಟ್ರಿಕ್.

ಆದರೆ ಅಂಕಿ ಸಿಕ್ಕಿತೆಂದು ಹಳಬರನ್ನೂ ಹೊಸಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ನಮ್ಮ ಹಾಕಿಯಲ್ಲಿ ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ 'ಡಿ'ಯ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಅದರೊಳಗೆ ಎದುರಾಳಿ ತಪ್ಪು ಮಾಡಿದರೆ ಪೆನಾಲ್ಟಿ ಕಾರ್ನರ್. ಹುಲ್ಲಿನ ನೆಲದಲ್ಲಿ ಚೆಂಡು ಕುಪ್ಪಳಿಸುತ್ತಿತ್ತು, ನಿಲ್ಲಿಸುವುದೇ ಸಾಹಸ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಕೃತಕ ಹಾಸು ಬಂತು. ಚೆಂಡು ನುಣ್ಣಗೆ ಬಂದು ನಿಲ್ಲತೊಡಗಿತು. ಆಮೇಲೆ ಚೆಂಡನ್ನು ಕೋಲಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಎಂಬ ವಿದ್ಯೆ ಬೆಳೆಯಿತು. ಗೋಲು ಹೊಡೆಯುವ ಮುಖ್ಯ ಕೆಲಸ ಮುನ್ಪಡೆಯವರ ಕೈಯಿಂದ ಜಾರಿ, ಹಿಂದೆ ನಿಲ್ಲುವ ರಕ್ಷಕನ ಪಾಲಾಯಿತು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಹೊಡೆದ 348 ಗೋಲುಗಳಲ್ಲಿ ಬಹುಪಾಲು ಹೀಗೆ ಬಂದವು. 2004ರ ಅಕ್ಟೋಬರಿನಲ್ಲಿ ನೆದರ್‌ಲೆಂಡ್ಸಿನ ಪಾಲ್ ಲಿಟ್ಜೆನ್ಸ್ ಅವರ 267ರ ದಾಖಲೆಯನ್ನು ಅವರು ಮುರಿದದ್ದು ನಮ್ಮ ಅಮೃತಸರದಲ್ಲಿ, ನಮ್ಮದೇ ಎದುರು. ಕೊಡಗಿನ ವಿ.ಆರ್. ರಘುನಾಥ್ ನೂರಕ್ಕೂ ಹೆಚ್ಚು ಗೋಲು ಹೊಡೆದದ್ದೂ ಇದೇ ವಿದ್ಯೆಯಿಂದ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 10 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ ಹರ್ಮನ್‌ಪ್ರೀತ್ ಸಿಂಗ್ ಕೂಡ ರಕ್ಷಕನೇ. ಓಡಿ, ಇಬ್ಬರನ್ನು ಕಣ್ಕಟ್ಟಿ ಹೊಡೆದ ಗೋಲಿಗೆ ಬೆಲೆ ಬರಲೆಂದು 2016 ಮತ್ತು 2017ರ ಹಾಕಿ ಇಂಡಿಯಾ ಲೀಗಿನಲ್ಲಿ ಮೈದಾನದ ಗೋಲಿಗೆ ಎರಡು ಎಂದು ಎಣಿಸಿದರು. ಲೆಕ್ಕಿಗರಿಗೆ ತಲೆನೋವು, ನನಗೇನೋ ಆ ಯೋಚನೆ ಕೆಟ್ಟದ್ದೆನಿಸಲಿಲ್ಲ.

ಈಗ ಗ್ರೆಟ್ಸ್ಕಿಯ 'ಆಫೀಸಿಗೆ' ಮರಳೋಣ. ಗೋಲಿನ ಹಿಂದೆ ನಿಂತು ಇನ್ನೊಬ್ಬರಿಗೆ ಪಕ್ ಕೊಡುತ್ತಿದ್ದನಲ್ಲ, ಅದಕ್ಕೂ ಅಲ್ಲಿ ಒಂದು ಕಾಲಂ ಇದೆ. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ. ಅದಕ್ಕೆ ಮುಂಚೆ ಪಾಸು ಕೊಟ್ಟವನಿಗೆ, ಅವನಿಗೂ ಮುಂಚೆ ಕೊಟ್ಟವನಿಗೆ, ಇಬ್ಬರಿಗೂ ಒಂದೊಂದು ಅಂಕ. ಗ್ರೆಟ್ಸ್ಕಿ ಹೀಗೆ ಇತರರಿಗೆ ಹೊಡೆಯಲು ಕೊಟ್ಟದ್ದು 1,963. ಗೋಲು ಕೂಡಿಸಿದರೆ ಒಟ್ಟು 2,857 ಅಂಕ. ಅವನು ಒಂದೂ ಗೋಲು ಹೊಡೆಯದಿದ್ದರೂ, ಕೊಟ್ಟ ಪಾಸುಗಳಿಂದಲೇ ಎಲ್ಲರಿಗಿಂತ ಮೇಲಿರುತ್ತಿದ್ದ. ಗೋಲಿನ ದಾಖಲೆ ಹೋಯಿತು, ಈ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ.

ಧನರಾಜ್ ಆಡಿದ್ದನ್ನು ನೋಡಿದವರಿಗೆ ನಾನು ಏನು ಹೇಳಹೊರಟಿದ್ದೇನೆ ಎಂದು ಗೊತ್ತಾಗಿರಬೇಕು. ಉದ್ದ ಕೂದಲು ಹಾರಿಸಿಕೊಂಡು, ಮೂವರನ್ನು ಹಿಂದೆ ಹಾಕಿ ಡಿಯ ಅಂಚಿಗೆ ಬಂದು, ಕೊನೆಯ ಕ್ಷಣದಲ್ಲಿ ಪಕ್ಕದವನಿಗೆ ಚೆಂಡು ತಳ್ಳಿದ್ದು ಎಷ್ಟು ಸಲ! ಸುನಿಲ್ ಬಲಗಡೆಯ ಅಂಚಿನಲ್ಲಿ ಬಾಣದಂತೆ ಓಡಿ ಒಳಗೆ ಕೊಟ್ಟ ಚೆಂಡುಗಳೆಷ್ಟು! ಅವರು ಓಡಿ ಗಳಿಸಿಕೊಟ್ಟ ಪೆನಾಲ್ಟಿ ಕಾರ್ನರುಗಳೆಷ್ಟು! ಸುನಿಲ್‌ಗೆ 72 ಎಂಬ ಸಂಖ್ಯೆ ಸಿಕ್ಕಿತು, ಆದರೆ ಅವರ ಆಟದ ಅರ್ಧ ಆ ಸಂಖ್ಯೆಯ ಹೊರಗಿದೆ. ಸೋಮಯ್ಯನವರಂಥ ನಡುಪಡೆಯವರದು ಮುಕ್ಕಾಲು ಪಾಲು ಹೊರಗೆ. ಮೊಮ್ಮಗನ ಹಾಕಿಯ ಪದ್ಧತಿಯಲ್ಲಿ ಎಣಿಸಿದ್ದರೆ ನಮ್ಮವರ ಪಟ್ಟಿ ಹೇಗಿರುತ್ತಿತ್ತೋ.

ಅಂದಹಾಗೆ ಐಸ್ ಹಾಕಿ ನಮ್ಮ ದೇಶದಲ್ಲೂ ಇದೆ. ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಚಳಿಗಾಲದಲ್ಲಿ ಆಡುತ್ತಾರೆ. ನಮ್ಮ ಮಹಿಳಾ ತಂಡ 2025ರ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದು ಬಂತು. ಅವರ ಗೋಲುಗಳ ಪುಸ್ತಕವನ್ನಾದರೂ ಯಾರಾದರೂ ಮೊದಲಿನಿಂದ ಇಟ್ಟಿದ್ದರೆ ಒಳ್ಳೆಯದು.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಕನ್ನಡ ಅವಧಿಯ ಕೇಳುಗರಲ್ಲಿ ಮುಂಬಯಿಯ ಬ್ಯಾಂಕು, ರೈಲ್ವೆ, ಕಾರ್ಖಾನೆ ತಂಡಗಳಿಗೆ ಆಡಿದವರು, ಆಡಿದವರ ಮಕ್ಕಳು ಖಂಡಿತ ಇದ್ದೀರಿ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ನಿಮ್ಮ ಮನೆಯ ಕಪಾಟಿನ ಮೇಲೆ ಹಳೆಯ ಟ್ರಂಕಿದ್ದರೆ ಒಮ್ಮೆ ತೆರೆದು ನೋಡಿ. ಪತ್ರಿಕೆಯ ತುಣುಕು, ಪಂದ್ಯಾವಳಿಯ ಕಾರ್ಯಕ್ರಮ ಪಟ್ಟಿ, ಪ್ರಶಸ್ತಿಪತ್ರ, ಅಪ್ಪನ ಡೈರಿ, ಏನಿದ್ದರೂ ಸರಿ. ತಾರೀಖು, ಎದುರಾಳಿ ತಂಡ, ಗೋಲು ಹೊಡೆದವರ ಹೆಸರು ಇಷ್ಟು ಬರೆದು ನಮಗೆ ಕಳಿಸಿ. ನಮ್ಮ ಅವಧಿಯಲ್ಲಿ ಓದುತ್ತೇವೆ, ಬರೆದೂ ಇಡುತ್ತೇವೆ. ಪಾಸು ಕೊಟ್ಟವರು ಯಾರೆಂದು ನೆನಪಿದ್ದರೆ ಆ ಹೆಸರನ್ನೂ ಬಿಡಬೇಡಿ.